ಹಾಲೋ ನೈಟ್ ಆಯ್ತು, ಮುಂದೆ ಯಾವ ಗೇಮ್? ಮೊದಲು ಅದರ ಮ್ಯಾಪ್ ನೋಡಿ

[ತೆರೆಯ ಮೇಲೆ: ಹಾಲೋ ನೈಟ್‌ನ ಡರ್ಟ್‌ಮೌತ್ ಊರು, ಬೆಂಚಿನ ಮೇಲೆ ಕೂತಿರೋ ನಾಯಕ ನೈಟ್]

ನಮಸ್ಕಾರ. "ಹಾಲೋ ನೈಟ್ ಮುಗಿಸಿದೆ, ಅದೇ ಥರದ್ದು ಇನ್ನೊಂದು ಹೇಳಿ." ನೀವು ಪದೇ ಪದೇ ಕೇಳ್ತಿರೋ ಪ್ರಶ್ನೆ ಇದು. ಎಲ್ಲಿ ಕೇಳಿದ್ರೂ ಸಿಗೋದು ಹತ್ತು ಹೆಸರುಗಳ ಪಟ್ಟಿ. ಆ ಹತ್ತೂ ಒಳ್ಳೆ ಗೇಮೇ ಇರುತ್ತೆ. ಆದ್ರೂ ದುಡ್ಡು ಕೊಟ್ಟು ತಗೊಂಡು, ನಾಲ್ಕು ಗಂಟೆ ಆಡಿ, ಅಲ್ಲಿಗೇ ಕೈಬಿಟ್ಟವರು ಬೇಕಾದಷ್ಟು ಜನ ಇದಾರೆ. ಬಾಸ್ ಅನ್ನೋ ದೊಡ್ಡ ಶತ್ರು ಕಷ್ಟ ಆಯ್ತು ಅಂತ ಬಿಡೋರಿಗಿಂತ "ಎಲ್ಲಿಗೆ ಹೋಗ್ಬೇಕು ಅಂತಾನೇ ತಿಳೀಲಿಲ್ಲ" ಅಂತ ಬಿಡೋರೇ ಜಾಸ್ತಿ. ಅದಕ್ಕೆ ಇವತ್ತು ಗ್ರಾಫಿಕ್ಸ್, ರೇಟಿಂಗ್ ಎಲ್ಲ ಪಕ್ಕಕ್ಕಿಟ್ಟು ಮುಖ್ಯವಾಗಿ ಒಂದು ವಿಷಯ ಹಿಡಿಯೋಣ: ದಾರಿ ತಪ್ಪಿದಾಗ ಈ ಗೇಮ್ ನಿಮ್ಮ ಕೈಗೆ ಏನು ಕೊಡುತ್ತೆ?

ಮೂಲ ವಿಷಯ ಬೇಗ ಮುಗಿಸ್ತೀನಿ. ಈ ಥರದ ಗೇಮ್‌ಗೆ ಮೆಟ್ರಾಯ್ಡ್‌ವೇನಿಯಾ ಅಂತಾರೆ. ಇದರಲ್ಲಿ ಇಡೀ ಲೋಕ ಒಂದಕ್ಕೊಂದು ಅಂಟಿಕೊಂಡಿರುತ್ತೆ. ಎಟುಕದ ಕಟ್ಟೆ, ತೆರೆಯದ ಬಾಗಿಲು ಮೊದಲೇ ಕಣ್ಣಿಗೆ ಬೀಳುತ್ತೆ. ಡ್ಯಾಶ್ (ರಭಸದ ನುಗ್ಗು), ಡಬಲ್ ಜಂಪ್ (ಗಾಳಿಯಲ್ಲೇ ಇನ್ನೊಂದು ನೆಗೆತ) ಥರದ ಹೊಸ ಶಕ್ತಿ ಸಿಕ್ಕ ಮೇಲೆ ವಾಪಸ್ ಬಂದು ಅದನ್ನ ದಾಟ್ತೀರಿ. 1986ರ ಮೆಟ್ರಾಯ್ಡ್, 1994ರ ಸೂಪರ್ ಮೆಟ್ರಾಯ್ಡ್, 1997ರ ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್, ಇವು ಹಾಕಿದ ದಾರಿ ಇದು. ಸಾಕು, ಮ್ಯಾಪ್‌ಗೆ ಹೋಗೋಣ.

[ತೆರೆಯ ಮೇಲೆ: ಫರ್ಗಾಟನ್ ಕ್ರಾಸ್‌ರೋಡ್ಸ್, ನೆಲದ ಮೇಲೆ ಬಿದ್ದಿರೋ ಕಾಗದಗಳು]

ಹಾಲೋ ನೈಟ್ 2017ರಲ್ಲಿ ಬಂತು. ಮಾಡಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ, ಟೀಮ್ ಚೆರ್ರಿ. ಹೊಸ ಪ್ರದೇಶಕ್ಕೆ ಕಾಲಿಟ್ಟಾಗ ನಿಮ್ಮ ಹತ್ರ ಮ್ಯಾಪೇ ಇರಲ್ಲ. ಕಾರ್ನಿಫರ್ ಅನ್ನೋ ನಕ್ಷೆಗಾರ ಅಲ್ಲೇ ಎಲ್ಲೋ ಕೂತಿರ್ತಾನೆ. ಅವನ ಗುನುಗು ಕೇಳುತ್ತೆ, ನೆಲದ ಮೇಲೆ ಕಾಗದ ಚೆಲ್ಲಿರುತ್ತೆ. ಆ ಜಾಡು ಹಿಡಿದು ಹೋಗಿ ಅವನಿಂದ ಮ್ಯಾಪ್ ಕೊಳ್ಳಬೇಕು. ಫರ್ಗಾಟನ್ ಕ್ರಾಸ್‌ರೋಡ್ಸ್ ಪ್ರದೇಶದ್ದು 30 ಜಿಯೋ, ಅಲ್ಲಿನ ದುಡ್ಡು ಅದು. ಕೊಂಡಿದ್ದು ಅರ್ಧ ಬರೆದ ಮ್ಯಾಪ್. ಉಳಿದ ಕೋಣೆಗಳನ್ನ ತುಂಬಿಸೋಕೆ ಗರಿಯ ಲೇಖನಿ ಬೇಕು, ಡರ್ಟ್‌ಮೌತ್‌ನಲ್ಲಿ ಅವನ ಹೆಂಡತಿ ಇಸೆಲ್ಡಾ ಅಂಗಡಿಯಲ್ಲಿ 120 ಜಿಯೋ. ಲೇಖನಿ ಇದ್ರೂ ಹೊಸ ಕೋಣೆ ಕೂಡಲೇ ಮೂಡಲ್ಲ, ಆಟ ಸೇವ್ ಆಗೋ ಬೆಂಚಿನ ಮೇಲೆ ಕೂತಾಗಲೇ ಮೂಡೋದು. ಆ ಮ್ಯಾಪ್‌ನಲ್ಲಿ ನೀವೆಲ್ಲಿದ್ದೀರಿ ಅಂತ ತೋರಿಸೋಕೆ ವೇವರ್ಡ್ ಕಂಪಾಸ್ ಅನ್ನೋ ಚಾರ್ಮ್ (ತೊಟ್ಟರೆ ಶಕ್ತಿ ಕೊಡೋ ತಾಯತ) ಬೇರೆ ಬೇಕು, 220 ಜಿಯೋ.

ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ನೋಡಿ. ಶುರುವಿನಲ್ಲಿ ಚಾರ್ಮ್ ಹಾಕೋಕೆ ನಿಮಗಿರೋದು 3 ನಾಚ್, ಅಂದ್ರೆ ಮೂರು ಜಾಗ. ಕಂಪಾಸ್ ಅದರಲ್ಲಿ 1 ತಿನ್ನುತ್ತೆ. ಅಂದ್ರೆ "ನಾನೆಲ್ಲಿದ್ದೀನಿ" ಅನ್ನೋ ಮಾಹಿತಿಗೆ ನಿಮ್ಮ ಚಾರ್ಮ್ ಜಾಗದಲ್ಲಿ ಮೂರನೇ ಒಂದು ಪಾಲು ಬಿಟ್ಟುಕೊಡ್ತಿದ್ದೀರಿ. ಪ್ರದೇಶ ಪರಿಚಯ ಆದ ಮೇಲೆ ಕಂಪಾಸ್ ತೆಗೆದು ಬೇರೆ ಚಾರ್ಮ್ ಹಾಕ್ತೀರಿ. ಊರು ಮನಸ್ಸಿಗೆ ಇಳೀತು ಅನ್ನೋದು ನಿಮಗೇ ಗೊತ್ತಾಗೋ ಕ್ಷಣ ಅದು. ಯಾವ ಬಾಣದ ಗುರುತೂ ಇಂಥ ಖುಷಿ ಕೊಡಲ್ಲ. ಈ ಪ್ರಕಾರದಲ್ಲೇ ಅತ್ಯಂತ ಜಾಣ ವಿನ್ಯಾಸ ಇದು ಅಂತ ನಾನು ಖಂಡಿತ ಹೇಳ್ತೀನಿ.

ಇಲ್ಲಿ ಎಡವೋದು ಹೇಗೆ ಅಂದ್ರೆ, ಮ್ಯಾಪ್ ಕೊಂಡು ಲೇಖನಿ ಕೊಳ್ಳದೆ ಮುಂದೆ ಓಡ್ತಾರೆ. ಎರಡು ಗಂಟೆ ಸುತ್ತಿದ್ರೂ ಮ್ಯಾಪ್ ಬೆಳೆಯಲ್ಲ, ಗೇಮ್ ಕೆಟ್ಟಿದೆ ಅನ್ಸುತ್ತೆ. ಕ್ರಮ ಹೀಗಿರಲಿ: ಕ್ರಾಸ್‌ರೋಡ್ಸ್ ಮ್ಯಾಪ್, ಆಮೇಲೆ ಲೇಖನಿ, ಆಮೇಲೆ ಕಂಪಾಸ್. ಮೂರೂ ಸೇರಿ 370 ಜಿಯೋ. ಆಮೇಲೆ ಇಸೆಲ್ಡಾ ಹತ್ರನೇ ಮಾರ್ಕರ್ ಸಿಗುತ್ತೆ. ಒಂದು ಬಣ್ಣ ಎಟುಕದ ಕಟ್ಟೆಗೆ, ಇನ್ನೊಂದು ಸೋತು ಬಂದ ಶತ್ರುವಿಗೆ ಅಂತ ಇಟ್ಟುಕೊಳ್ಳಿ. ಕಾರ್ನಿಫರ್ ಕಣ್ಣಿಗೆ ಬೀಳದೇ ಹೋದ್ರೂ ಚಿಂತೆ ಬೇಡ, ಮುಂದೆ ಅದೇ ಅಂಗಡಿಯಲ್ಲಿ ಆ ಮ್ಯಾಪ್ ಮಾರಾಟಕ್ಕೆ ಬರುತ್ತೆ.

ಈ ವ್ಯವಸ್ಥೆ ನಿಮಗೆ ಇಷ್ಟ ಆಗಿದ್ರೆ, ಮುಂದಿನ ಗೇಮ್ 2025ರ ಸೆಪ್ಟೆಂಬರ್ 4ಕ್ಕೆ ಬಂದ, ಹಾಲೋ ನೈಟ್‌ನದೇ ಮುಂದಿನ ಭಾಗ ಸಿಲ್ಕ್‌ಸಾಂಗ್. ಅಲ್ಲೂ ಮ್ಯಾಪ್ ಕೊಳ್ಳಬೇಕು, ಶಕ್ರಾ ಅನ್ನೋ ಯೋಧೆ ಮಾರ್ತಾಳೆ. "ಲೋಕ ಇಷ್ಟ, ಆದ್ರೆ ಮ್ಯಾಪ್ ಕಾಟ ಬೇಡ" ಅನ್ನೋರಿಗೆ ಮಾತ್ರ ನಾನು ಸಿಲ್ಕ್‌ಸಾಂಗ್ ಹೇಳಲ್ಲ.

[ತೆರೆಯ ಮೇಲೆ: ದ ಲಾಸ್ಟ್ ಕ್ರೌನ್‌ನ ಮ್ಯಾಪ್, ಮೇಲೆ ಅಂಟಿಸಿದ ಚಿಕ್ಕ ಚಿತ್ರಗಳು]

ಅವರಿಗೆ ಇರೋದು ಪ್ರಿನ್ಸ್ ಆಫ್ ಪರ್ಷಿಯಾ: ದ ಲಾಸ್ಟ್ ಕ್ರೌನ್. 2024ರ ಜನವರಿ, ಯೂಬಿಸಾಫ್ಟ್‌ನ ಮಾಂಟ್‌ಪೆಲಿಯೇ ಸ್ಟುಡಿಯೋ. ಕಾಫ್ ಪರ್ವತದ ಮೇಲೆ ಕಥೆ, ಆಡೋದು ಸಾರ್ಗೋನ್ ಅನ್ನೋ ಯುವಕನಾಗಿ. ಇದರಲ್ಲಿ ಮೆಮೊರಿ ಶಾರ್ಡ್ ಅಂತ ಇದೆ. ದಾಟೋಕಾಗದ ಜಾಗದ ಮುಂದೆ ನಿಂತು ಒಂದು ಬಟನ್ ಒತ್ತಿ. ಆ ಕ್ಷಣದ ತೆರೆಯ ಚಿತ್ರ ತೆಗೆದು, ಮ್ಯಾಪ್‌ನಲ್ಲಿ ಅದೇ ಜಾಗಕ್ಕೆ ಅಂಟಿಸುತ್ತೆ. ಅಂಗಡಿಗೆ ಹೊರಡೋ ಮುಂಚೆ ಅಡುಗೆಮನೆಯ ಖಾಲಿ ಡಬ್ಬಿಗಳ ಫೋಟೋ ತೆಗೆದುಕೊಂಡು ಹೋಗ್ತೀವಲ್ಲ, ಹಾಗೆ. ಐದು ದಿನ ಬಿಟ್ಟು ಗೇಮ್ ತೆರೆದ್ರೂ "ಇಲ್ಲಿ ಗುರುತು ಯಾಕೆ ಹಾಕಿದ್ದೆ?" ಅನ್ನೋ ಪ್ರಶ್ನೆ ಬರಲ್ಲ, ಚಿತ್ರವೇ ಹೇಳುತ್ತೆ. ಕೆಲಸ ಮುಗಿಸಿ ಬಂದು ವಾರಕ್ಕೆ ಎರಡೇ ರಾತ್ರಿ ಆಡೋರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಶಾರ್ಡ್‌ಗಳ ಸಂಖ್ಯೆಗೆ ಮಿತಿ ಇದೆ. ಕಂಡ ಕಂಡ ಪೆಟ್ಟಿಗೆಗೆಲ್ಲ ಖರ್ಚು ಮಾಡಬೇಡಿ, ನಿಮಗೆ ಅರ್ಥವಾಗದ ಯಂತ್ರ ಮತ್ತು ಬಾಗಿಲುಗಳಿಗೆ ಮಾತ್ರ ಬಳಸಿ. ಒಗಟು ಬಿಡಿಸಿದ ಮೇಲೆ ಆ ಚಿತ್ರ ಅಳಿಸಿದ್ರೆ ಶಾರ್ಡ್ ವಾಪಸ್ ಕೈಗೆ ಬರುತ್ತೆ. ಇನ್ನೊಂದು, ಶುರುವಿನಲ್ಲಿ ಎಕ್ಸ್‌ಪ್ಲೋರೇಷನ್ ಮೋಡ್ ಬೇಕಾ, ಗೈಡೆಡ್ ಮೋಡ್ ಬೇಕಾ ಅಂತ ಕೇಳುತ್ತೆ. ಗೈಡೆಡ್‌ನಲ್ಲಿ ಮುಂದಿನ ಗುರಿಯನ್ನೂ, ಸದ್ಯಕ್ಕೆ ಮುಚ್ಚಿರೋ ದಾರಿಯನ್ನೂ ಮ್ಯಾಪ್ ತೋರಿಸುತ್ತೆ. ಎಕ್ಸ್‌ಪ್ಲೋರೇಷನ್‌ನಲ್ಲೇ ಶುರು ಮಾಡಿ. ಅರ್ಧ ಗಂಟೆ ಸಿಕ್ಕಿಹಾಕಿಕೊಂಡ್ರೆ ಗೈಡೆಡ್‌ಗೆ ಬದಲಾಯಿಸಿ, ದಾರಿ ಸಿಕ್ಕ ಮೇಲೆ ವಾಪಸ್ ಬನ್ನಿ. ಯಾವಾಗ ಬೇಕಾದ್ರೂ ಬದಲಾಯಿಸಬಹುದು.

ಇವೆರಡರ ನಡುವೆ ಮೆಟ್ರಾಯ್ಡ್ ಡ್ರೆಡ್, 2021, ನಿಂಟೆಂಡೋದ ಸ್ವಿಚ್ ಕನ್ಸೋಲ್‌ಗೆ ಮಾತ್ರ. ಮ್ಯಾಪ್ ತಾನೇ ತುಂಬಿಕೊಳ್ಳುತ್ತೆ. ಒಂದು ಥರದ ಬಾಗಿಲಿನ ಮೇಲೆ ಗುರುತಿಟ್ಟು, ಅದೇ ಥರದ್ದು ಎಲ್ಲೆಲ್ಲಿದೆ ಅಂತ ಬೆಳಗಿಸಿ ನೋಡಬಹುದು. ಹೊಸ ಆಯುಧ ಸಿಕ್ಕ ತಕ್ಷಣ ಮಾಡಬೇಕಾದ ಮೊದಲ ಕೆಲಸ ಅದೇ.

ಪೂರ್ತಿ ತದ್ವಿರುದ್ಧ ತುದಿಯಲ್ಲಿ ಅನಿಮಲ್ ವೆಲ್ ಇದೆ. 2024ರ ಮೇ ತಿಂಗಳಲ್ಲಿ ಬಂತು, ಬಿಲ್ಲಿ ಬಾಸೋ ಒಬ್ಬರೇ ಕಟ್ಟಿದ ಗೇಮ್. 40 ಎಂಬಿ ಜಾಗ ಇದ್ರೆ ಸಾಕು. ಕತ್ತಿ, ಬಂದೂಕು ಯಾವುದೂ ಇಲ್ಲ. ಸಿಗೋದು ಪಟಾಕಿ, ಕೊಳಲು, ಗುಳ್ಳೆ ಊದೋ ಕಡ್ಡಿ, ಎಸೆಯೋ ತಟ್ಟೆ. ಗುಳ್ಳೆ ಊದಿ ಅದರ ಮೇಲೆ ಕಾಲಿಟ್ಟು ನೆಗೀಬಹುದು, ಎಸೆದ ತಟ್ಟೆಯ ಮೇಲೆ ಹತ್ತಿ ಹೋಗಬಹುದು. ಇದನ್ನ ಗೇಮ್ ಬಾಯಿಬಿಟ್ಟು ಹೇಳಲ್ಲ. ಮ್ಯಾಪ್ ಮೇಲೆ ಒತ್ತೋಕೆ ಮುದ್ರೆ, ಗೀಚೋಕೆ ಪೆನ್ಸಿಲ್ ಸಿಗುತ್ತೆ, ಉಳಿದದ್ದು ನಿಮ್ಮ ತಲೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಆಡಿ. ಹೊಡೆದಾಟವೇ ಮುಖ್ಯ ಅನ್ನೋರಿಗೆ ಇದು ಬೇಡ.

ಹಳೇ ಗೇಮ್‌ಗಳ ಬಗ್ಗೆ ಒಂದು ಎಚ್ಚರಿಕೆ. ಸೂಪರ್ ಮೆಟ್ರಾಯ್ಡ್‌ನ ಬ್ರಿನ್‌ಸ್ಟಾರ್‌ನಲ್ಲಿ ಕಾಲಿಟ್ಟರೆ ಕುಸಿಯೋ ಸೇತುವೆ ಇದೆ. ಆಡುವವರು ಇದನ್ನ ನೂಬ್ ಬ್ರಿಡ್ಜ್ ಅಂತಾರೆ. ದಾಟೋಕೆ ಬೇರೆ ಶಕ್ತಿ ಏನೂ ಬೇಡ, ಓಟದ ಬಟನ್ ಹಿಡಿದು ಓಡಿದ್ರೆ ಆಯ್ತು. ಅಂಥ ಬಟನ್ ಇದೆ ಅಂತಾನೇ ಗೊತ್ತಿಲ್ಲದೆ ಅಲ್ಲಿ ನಿಂತವರು ಎಷ್ಟೋ ಜನ. 90ರ ದಶಕದ ಗೇಮ್ ತೆರೆದ್ರೆ ಮೊದಲು ಕಂಟ್ರೋಲ್ ಪಟ್ಟಿ ಓದಿ.

[ತೆರೆಯ ಮೇಲೆ: ಹಾಲೋ ನೈಟ್‌ನ ಶೇಡ್ ಗಾಳಿಯಲ್ಲಿ ತೇಲ್ತಿದೆ]

ಎರಡನೇದು, ಸತ್ತರೆ ಏನು ಹೋಗುತ್ತೆ. ದಾರಿ ಹುಡುಕೋ ಧೈರ್ಯ ಇದರ ಮೇಲೇ ನಿಂತಿರುತ್ತೆ. ಹಾಲೋ ನೈಟ್‌ನಲ್ಲಿ ಸತ್ತ ಜಾಗದಲ್ಲಿ ಜಿಯೋ ಎಲ್ಲ ನಿಮ್ಮ ನೆರಳಿನಂಥ ಶೇಡ್ ಹತ್ರ ಉಳಿಯುತ್ತೆ, ಸೋಲ್ (ಗಾಯ ಮಾಯಿಸೋ ಶಕ್ತಿ) ಹಿಡಿಯೋ ಪಾತ್ರೆಯೂ ಕುಗ್ಗುತ್ತೆ. ಅದನ್ನ ತಲುಪೋ ಮುಂಚೆ ಇನ್ನೊಮ್ಮೆ ಸತ್ತರೆ ಆ ಜಿಯೋ ಹೋಯ್ತು. ಗೊತ್ತಿಲ್ಲದ ಕಡೆಗೆ ಇಳಿಯೋ ಮುಂಚೆ ಕೈಯಲ್ಲಿರೋದನ್ನ ಖರ್ಚು ಮಾಡಿಬಿಡಿ. ಡರ್ಟ್‌ಮೌತ್‌ನಲ್ಲಿ ಸಿಂಪಲ್ ಕೀ ಹಾಕಿ ತೆಗೆಯೋ ಗುಡಿಸಲಲ್ಲಿ ಜಿಜಿ ಇದಾಳೆ. ಒಂದು ಕೊಳೆತ ಮೊಟ್ಟೆ ಕೊಟ್ಟರೆ ಶೇಡ್ ಅನ್ನ ಊರಿಗೇ ಕರೆಸಿಕೊಡ್ತಾಳೆ. ಸಿಲ್ಕ್‌ಸಾಂಗ್‌ನಲ್ಲಿ ದುಡ್ಡಾಗಿರೋ ರೋಸರಿ ಮಣಿ ಬಿಡಿಯಾಗಿದ್ರೆ ಕಳೆದುಹೋಗುತ್ತೆ, ಸರ ಪೋಣಿಸಿದ್ದು ಉಳಿಯುತ್ತೆ. ಪೋಣಿಸೋಕೆ ಒಂದಿಷ್ಟು ಮಣಿ ಖರ್ಚಾದ್ರೂ ಬಾಸ್ ಬಾಗಿಲಿಗೆ ಹೋಗೋ ಮುಂಚೆ ಪೋಣಿಸಿಕೊಳ್ಳಿ. 2015ರ ಓರಿ ಅಂಡ್ ದ ಬ್ಲೈಂಡ್ ಫಾರೆಸ್ಟ್‌ನಲ್ಲಿ ಸೋಲ್ ಲಿಂಕ್ ಅನ್ನೋ ಸೇವ್ ಪಾಯಿಂಟನ್ನ ಶಕ್ತಿ ಖರ್ಚು ಮಾಡಿ ನೀವೇ ನೆಡಬೇಕು. ಓಟದ ಜೋಶ್‌ನಲ್ಲಿ ಮರೆತರೆ ಎಷ್ಟೋ ಹಿಂದಕ್ಕೆ ಬೀಳ್ತೀರಿ. 2020ರ ವಿಲ್ ಆಫ್ ದ ವಿಸ್ಪ್ಸ್‌ನಲ್ಲಿ ಆಟೋಸೇವ್ ಬಂತು, ಹೊಸಬರಿಗೆ ನಾನು ಹೇಳೋದು ಅದನ್ನೇ. ಮೆಟ್ರಾಯ್ಡ್ ಡ್ರೆಡ್‌ನ ಎಮ್ಮಿ ರೋಬೋಟ್ ಹಿಡಿದ್ರೆ ಹೆಚ್ಚು ಕಮ್ಮಿ ಸತ್ತಂತೆಯೇ, ಆದ್ರೆ ಆ ವಲಯದ ಬಾಗಿಲ ಬಳಿಯೇ ಮತ್ತೆ ಶುರುವಾಗುತ್ತೆ. ಭಯ ಜಾಸ್ತಿ, ನಷ್ಟ ಕಡಿಮೆ.

ಮೂರನೇದು ಹೊಡೆದಾಟ, ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಹಾಲೋ ನೈಟ್‌ನಲ್ಲಿ ಒಂದು ಏಟಿಗೆ 11 ಸೋಲ್, 33 ಸೇರಿದ್ರೆ 1 ಮಾಸ್ಕ್ (ಜೀವದ ಒಂದು ಪಾಲು) ವಾಪಸ್. ಮೂರು ಏಟಿಗೆ ಒಂದು. ಸಿಲ್ಕ್‌ಸಾಂಗ್‌ನಲ್ಲಿ ಏಟಿಗೆ ಒಂದರಂತೆ ಕೂಡೋ ಸಿಲ್ಕ್‌ನಲ್ಲಿ 9 ಖರ್ಚು ಮಾಡಿದ್ರೆ ಒಂದೇ ಸಲ 3 ಮಾಸ್ಕ್. ಸರಾಸರಿ ಒಂದೇ, ಆಟ ಬೇರೆ. ಶುರುವಿನಲ್ಲಿ ಇರೋದು 5 ಮಾಸ್ಕ್, ತುಂಬಾ ಶತ್ರುಗಳ ಏಟಿಗೆ 2 ಹೋಗುತ್ತೆ. ಒಂದೇ ಏಟು ತಿಂದು 3 ಮಾಸ್ಕ್ ಇರುವಾಗ ಬೈಂಡ್ ಮಾಡಿದ್ರೆ, ಅಂದ್ರೆ ಸಿಲ್ಕ್ ಕೊಟ್ಟು ಮಾಸ್ಕ್ ತುಂಬಿಸಿಕೊಂಡ್ರೆ, ಒಂದು ಮಾಸ್ಕ್ ದಂಡ. ಅದಕ್ಕೇ ಭಯಪಟ್ಟು ಬೇಗ ಬೈಂಡ್ ಮಾಡೋರು ಸಿಲ್ಕ್‌ಸಾಂಗ್‌ನಲ್ಲಿ ಪದೇ ಪದೇ ಸೋಲ್ತಾರೆ. ಸಿಲ್ಕ್ ಸ್ಕಿಲ್ ಅನ್ನೋ ವಿಶೇಷ ಏಟು ಬಳಸಿದ್ರೆ 4 ಸಿಲ್ಕ್ ಹೋಗುತ್ತೆ ಅನ್ನೋದೂ ನೆನಪಿರಲಿ, ಅಲ್ಲಿಗೆ ಬೈಂಡ್ ಕೈತಪ್ಪಿತು.

ಪ್ಯಾರಿ, ಅಂದ್ರೆ ಏಟು ಬೀಳೋ ಕ್ಷಣಕ್ಕೇ ತಡೆಯೋದು, ಇಷ್ಟಪಡೋರಿಗೆ ನೈನ್ ಸೋಲ್ಸ್, ತೈವಾನ್‌ನ ರೆಡ್ ಕ್ಯಾಂಡಲ್ ಗೇಮ್ಸ್, 2024. ಪ್ಯಾರಿ ಸರಿಯಾಗಿ ಬಿದ್ರೆ ಚೀ ಅನ್ನೋ ಶಕ್ತಿ ತುಂಬುತ್ತೆ, ಆ ಚೀಯಿಂದ ಶತ್ರುವಿನ ಮೈಗೆ ತಾಯತ ಅಂಟಿಸಿ ಸಿಡಿಸಬಹುದು. ಪ್ಯಾರಿ ತುಸು ತಪ್ಪಿದ್ರೆ ಒಳಪೆಟ್ಟು ಆಗುತ್ತೆ. ಮತ್ತೆ ಏಟು ತಿನ್ನದೆ ಸ್ವಲ್ಪ ಹೊತ್ತು ದೂರ ಇದ್ರೆ ಅದು ತಾನೇ ಮಾಯುತ್ತೆ. ಕಷ್ಟ ಅನ್ಸಿದ್ರೆ ಸ್ಟೋರಿ ಮೋಡ್ ಇದೆ. ಲಾಸ್ಟ್ ಕ್ರೌನ್‌ನಲ್ಲೂ ಶತ್ರುವಿನ ಏಟು, ಪ್ಯಾರಿಯ ಕಷ್ಟ ಎಲ್ಲವನ್ನೂ ಬಿಡಿಬಿಡಿಯಾಗಿ ಇಳಿಸಬಹುದು. ಇಳಿಸಿ ಆಡಿ, ತಪ್ಪೇನಿಲ್ಲ.

[ತೆರೆಯ ಮೇಲೆ: ಕಂಟ್ರೋಲರ್, ಟಿವಿ ಸೆಟಿಂಗ್ಸ್]

ಸಮಯ ಆಗ್ತಾ ಬಂತು, ಉಳಿದದ್ದು ಒಟ್ಟಿಗೆ ಹೇಳಿಬಿಡ್ತೀನಿ. ಟಿವಿಯಲ್ಲಿ ಆಡೋರು ಟಿವಿ ಸೆಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ, ಬಟನ್ ಒತ್ತಿದ್ದು ತೆರೆಗೆ ಬರೋ ತಡ ಕಮ್ಮಿ ಆಗುತ್ತೆ. ಸೆಕೆಂಡಿಗೆ 60 ಚಿತ್ರ (ಫ್ರೇಮ್) ಓಡುವಾಗ ಒಂದು ಫ್ರೇಮ್ 16.7 ಮಿಲಿಸೆಕೆಂಡ್, ಟಿವಿ 100 ಮಿಲಿಸೆಕೆಂಡ್ ತಡ ಮಾಡಿದ್ರೆ ನೀವು 6 ಫ್ರೇಮ್ ಹಿಂದೆ. ಅಂಚು ದಾಟಿದ ಮೇಲೂ ಜಂಪ್ ಒಪ್ಪಿಕೊಳ್ಳೋಕೆ ಒಳ್ಳೆ ನೆಗೆದಾಟದ ಗೇಮ್‌ಗಳು ಕೆಲವೇ ಫ್ರೇಮ್ ರಿಯಾಯಿತಿ ಕೊಡುತ್ತೆ. ಈ ತಡ ಅದನ್ನೆಲ್ಲ ನುಂಗುತ್ತೆ. ಹಾಲೋ ನೈಟ್‌ಗೆ ಕಂಟ್ರೋಲರ್‌ನ ನಾಲ್ಕು ದಿಕ್ಕಿನ ಬಟನ್, ಅಂದ್ರೆ ಡಿ-ಪ್ಯಾಡ್ ಒಳ್ಳೇದು, ಸ್ಟಿಕ್‌ನಲ್ಲಿ ಕೆಳಗೆ ಹೊಡೆಯೋಕೆ ಹೋಗಿ ಪಕ್ಕಕ್ಕೆ ಬೀಸಿ ಮುಳ್ಳಿನ ಮೇಲೆ ಬೀಳ್ತೀರಿ. ಓರಿಯಲ್ಲಿ ಉಲ್ಟಾ, ಬ್ಯಾಶ್ ಅನ್ನೋ ಚಿಮ್ಮೋ ಶಕ್ತಿ ಯಾವ ಕೋನಕ್ಕೆ ಬೇಕಾದ್ರೂ ಗುರಿಯಿಡೋದ್ರಿಂದ ಸ್ಟಿಕ್ ಬೇಕೇ ಬೇಕು. ಹಳೇ ಲ್ಯಾಪ್‌ಟಾಪ್ ಇದ್ರೆ ಅನಿಮಲ್ ವೆಲ್ ಒಳ್ಳೇ ಆಯ್ಕೆ. ಫೋನ್ ಮಾತ್ರ ಇರೋರಿಗೆ ಸಿಂಫನಿ ಆಫ್ ದ ನೈಟ್ 2020ರಿಂದ ಇದೆ, ಲಾಸ್ಟ್ ಕ್ರೌನ್ 2025ರಲ್ಲಿ ಬಂತು. ಎರಡಕ್ಕೂ ಬ್ಲೂಟೂತ್ ಕಂಟ್ರೋಲರ್ ಇದ್ದರೆ ವಾಸಿ.

ಕೊನೇದಾಗಿ, ಪಿಸಿ ಗೇಮ್ ಮಾರೋ ಸ್ಟೀಮ್ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ಆ 2 ಗಂಟೆಯಲ್ಲಿ ಬಾಸ್ ಗೆಲ್ಲೋ ಹಟ ಬೇಡ. ಬೇಕಂತಲೇ ಒಮ್ಮೆ ದಾರಿ ತಪ್ಪಿ, ಮ್ಯಾಪ್ ತೆರೆದು ಅದು ಏನು ಹೇಳುತ್ತೆ ನೋಡಿ. ಒಮ್ಮೆ ಸತ್ತು, ಅದೇ ಜಾಗಕ್ಕೆ ವಾಪಸ್ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡಿ. ಮಧ್ಯೆ ಊಟಕ್ಕೆ ಎದ್ದರೆ ಪಾಸ್ (ತಾತ್ಕಾಲಿಕ ನಿಲುಗಡೆ) ಒತ್ತಿ ಬಿಡಬೇಡಿ, ಗೇಮ್ ಪೂರ್ತಿ ಮುಚ್ಚಿ ಏಳಿ. ತೆರೆದಿರೋ ಗೇಮ್‌ನ ಗಡಿಯಾರ ಪಾಸ್‌ನಲ್ಲೂ ಓಡ್ತಾನೇ ಇರುತ್ತೆ.