ಗಡಿಯಾಚೆಯ ಅಗ್ಗದ ಮದ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಫಿನ್ಲೆಂಡ್ ಮತ್ತು ಎಸ್ಟೋನಿಯಾ ಯುರೋಪಿನ ಉತ್ತರದಲ್ಲಿರುವ ಎರಡು ದೇಶಗಳು. ನಡುವೆ ಸುಮಾರು 80 ಕಿಲೋಮೀಟರ್ ಸಮುದ್ರ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಹಡಗು ಹತ್ತಿದರೆ ಎರಡು ತಾಸಿಗೆಲ್ಲಾ ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್. ಅಲ್ಲಿನ ಕುಡಿತದ ಕಥೆ ರಾಯಚೂರಿನವರಿಗೆ ಯಾಕೆ ಅಂತ ನೀವು ಕೇಳಬಹುದು. ಗಡಿಯಲ್ಲಿ ಬದುಕುವ ನಮಗೇ ಅದು ಹೆಚ್ಚು ಬೇಕು.

ಫಿನ್ಲೆಂಡಿನಲ್ಲಿ 1919ರಿಂದ 1932ರವರೆಗೆ ಪಾನನಿಷೇಧವಿತ್ತು. ಅದು ಹೋದ ಮೇಲೆ ಮದ್ಯ ಮಾರುವ ಕೆಲಸವನ್ನು ಸರ್ಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ಇವತ್ತಿಗೂ ಅಲ್ಲಿ ವೋಡ್ಕಾ ಬಾಟಲಿ ಬೇಕಾದರೆ ಆಲ್ಕೋ ಎಂಬ ಸರ್ಕಾರಿ ಅಂಗಡಿಗೇ ಹೋಗಬೇಕು. ತೆರಿಗೆಯೂ ಜಾಸ್ತಿ. ಎಸ್ಟೋನಿಯಾದಲ್ಲಿ ಸೂಪರ್ ಮಾರ್ಕೆಟಿನಲ್ಲೇ ಸಿಗುತ್ತದೆ, ಅದೂ ಅಗ್ಗಕ್ಕೆ.

2004ರ ಮೇ 1ಕ್ಕೆ ಎಸ್ಟೋನಿಯಾ, ಫಿನ್ಲೆಂಡ್ ಆಗಲೇ ಇದ್ದ ಯುರೋಪಿಯನ್ ಒಕ್ಕೂಟವನ್ನು ಸೇರುವುದಿತ್ತು. ಸೇರಿದ ಮೇಲೆ, ಸ್ವಂತಕ್ಕೆ ಅಂತ ಹಡಗಿನಲ್ಲಿ ಬಾಟಲಿ ತರುವವರನ್ನು ಮೊದಲಿನ ಹಾಗೆ ತಡೆಯುವಂತಿರಲಿಲ್ಲ. ಬೊಕ್ಕಸಕ್ಕೆ ಹೊಡೆತ ಬೀಳುತ್ತದೆ ಅಂತ ಫಿನ್ಲೆಂಡ್ ಸರ್ಕಾರ ಹೆದರಿತು. ಎರಡು ತಿಂಗಳು ಮೊದಲೇ, ಮಾರ್ಚ್ 1ಕ್ಕೆ, ಮದ್ಯದ ತೆರಿಗೆಯನ್ನು ಸರಾಸರಿ ಮೂರನೇ ಒಂದು ಪಾಲಿನಷ್ಟು ಇಳಿಸಿತು.

ಆ ವರ್ಷ ಕುಡಿತ ಸುಮಾರು ಶೇ. 10ರಷ್ಟು ಏರಿತು. ಬರೀ ಹತ್ತು ಅಲ್ವಾ ಅನ್ನಿಸಬಹುದು. ಸಾವಿನ ಲೆಕ್ಕ ಕೇಳಿ. ಕುಡಿತಕ್ಕೆ ಸಂಬಂಧಪಟ್ಟ ಸಾವು ಗಂಡಸರಲ್ಲಿ ಶೇ. 16, ಹೆಂಗಸರಲ್ಲಿ ಶೇ. 31ರಷ್ಟು ಹೆಚ್ಚಿತು. ಹೀಗೆ ಹೆಚ್ಚಿದ ಸಾವುಗಳಲ್ಲಿ ಬಹಳಷ್ಟು ಕೆಲಸವಿಲ್ಲದವರ, ಕಡಿಮೆ ವರಮಾನದವರ ಮನೆಗಳಲ್ಲೇ ಆದವು. ತೆರಿಗೆ ಇಳಿಸುವಾಗ ಈ ಮನೆಗಳಿಗಿಂತ ಬೊಕ್ಕಸದ ಲೆಕ್ಕವೇ ಮುಂದಾಯಿತು ಅನ್ನುವುದು ನನ್ನನ್ನು ಬಹಳ ಕಾಡುತ್ತದೆ. 2008ರಿಂದ ಫಿನ್ಲೆಂಡ್ ಮತ್ತೆ ತೆರಿಗೆ ಏರಿಸುತ್ತಾ ಬಂತು. ಕುಡಿತವೂ ನಿಧಾನವಾಗಿ ಇಳಿಯಿತು.

ಮುಂದೆ ಎಸ್ಟೋನಿಯಾ ಬಿಯರ್ ತೆರಿಗೆ ಏರಿಸಿದಾಗ ಅಲ್ಲಿಯವರು ದಕ್ಷಿಣದ ಲಾಟ್ವಿಯಾಕ್ಕೆ ಕಾರು ಓಡಿಸಿದರು. 2019ರ ಜುಲೈನಲ್ಲಿ ಎಸ್ಟೋನಿಯಾ ತೆರಿಗೆಯನ್ನು ಕಾಲು ಭಾಗ ಇಳಿಸಿತು. ಗಿರಾಕಿ ಕೈತಪ್ಪುತ್ತಾರೆ ಅಂತ ಮರುತಿಂಗಳೇ ಲಾಟ್ವಿಯಾವೂ ಇಳಿಸಿತು.

ಈಗ ನಮ್ಮ ಕಡೆ ಬನ್ನಿ. ಆಂಧ್ರದಲ್ಲಿ 1995ರಲ್ಲಿ ಪಾನನಿಷೇಧ ಬಂತು, 1997ರಲ್ಲಿ ಹೋಯಿತು. ಪಕ್ಕದ ರಾಜ್ಯಗಳಿಂದ ಕದ್ದು ಬರುವ ಮದ್ಯವನ್ನು ತಡೆಯಲಾಗಲಿಲ್ಲ ಅನ್ನುವುದೂ ಒಂದು ಕಾರಣ. 2020ರ ಮೇ ತಿಂಗಳಲ್ಲಿ ಆಂಧ್ರ ಸರ್ಕಾರ ಬೆಲೆಯನ್ನು ಶೇ. 75ರಷ್ಟು ಏರಿಸಿತು. ಆಗ ರಾಯಚೂರು, ಬಳ್ಳಾರಿ ಕಡೆಯ ಮದ್ಯದ ಟೆಟ್ರಾ ಪ್ಯಾಕೆಟ್‌ಗಳು ಗಡಿ ದಾಟತೊಡಗಿದವು. ನಾವು ಅವರಿಗೆ ಟ್ಯಾಲಿನ್ ಆದೆವು.

ಸೇಂದಿಯ ದಾರಿ ಉಲ್ಟಾ. ನಮ್ಮ ಜಿಲ್ಲೆಯಲ್ಲಿ ಅದನ್ನು ಮಾರುವಂತಿಲ್ಲ. ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣದಲ್ಲಿ ಪರವಾನಗಿ ಅಂಗಡಿಗಳಿವೆ. ಗಡಿ ಹಳ್ಳಿಗಳ ಕೂಲಿಯವರು ಅಲ್ಲಿಗೆ ಹೋಗುತ್ತಾರೆ. ಇಲ್ಲಿ ಕದ್ದು ಮಾರುವ ಸೇಂದಿಯಂತೂ ಎಷ್ಟೋ ಸಲ ಮರದಿಂದ ಇಳಿದದ್ದೇ ಅಲ್ಲ. ನೀರಿಗೆ ಸಿ.ಎಚ್. ಪೌಡರ್, ಅಂದರೆ ಕ್ಲೋರಾಲ್ ಹೈಡ್ರೇಟ್, ಕಲಸಿದ್ದು. ಅದು ಮಂಪರು ಬರಿಸುವ ರಾಸಾಯನಿಕ. ಚಟ ಹತ್ತಿದವರಿಗೆ ಒಂದೆರಡು ದಿನ ಸಿಗದಿದ್ದರೆ ಕೈಕಾಲು ನಡುಗುತ್ತವೆ, ಫಿಟ್ಸ್ ಬರುತ್ತದೆ. ಅಂಥವರನ್ನು ಬೈದು ಕೂಡಿಹಾಕಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮದ್ಯದ ತೆರಿಗೆ ಏರಿಸುವ, ಇಳಿಸುವ ಮೊದಲು ಕರ್ನಾಟಕ, ಆಂಧ್ರ, ತೆಲಂಗಾಣ ಒಂದೆಡೆ ಕೂತು ಮಾತಾಡಬೇಕು. ಅಬಕಾರಿಯವರ ಜೊತೆ ಆರೋಗ್ಯ ಇಲಾಖೆಯವರೂ ಅಲ್ಲಿರಬೇಕು. ಮದ್ಯ ನಿಷೇಧ ಬೇಕು ಅಂತ 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದರು. ರಾಯಚೂರು ಜಿಲ್ಲೆಯವರೂ ಅವರಲ್ಲಿದ್ದರು. ಆ ಸಭೆಗೆ ಅವರನ್ನೂ ಕರೆಯಬೇಕು.

ನಮಸ್ಕಾರ.