ನಂಬರು, ಯೂನಿಟ್ಟು, ತಾರೀಕು

ಕೇಳುಗ ಬಂಧುಗಳಿಗೆ ನಮಸ್ಕಾರ. ಮಾಜಿ ಸೈನಿಕರಿಗೆಲ್ಲ ಜೈ ಹಿಂದ್.

ಸೈನಿಕನ ಸೇವಾ ದಾಖಲೆಯಲ್ಲಿ ಬಿಟ್ಟುಹೋದ ಪದಕಗಳ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾನು ಫೌಜಿನಲ್ಲಿ 24 ವರ್ಷ ಕ್ಲರ್ಕ್ ಆಗಿದ್ದವನು. ಅದರಲ್ಲಿ 9 ವರ್ಷ ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿನಲ್ಲೇ ಕಳೆದವನು. ಕ್ಲರ್ಕ್ ಅಂದರೆ ಬಂದೂಕು ಹಿಡಿಯದವನು ಅಂತ ಕೆಲವರು ನಗುತ್ತಾರೆ. ನಗಲಿ. ಗುಂಡು ಹಾರಿಸಿದವರೆಲ್ಲ ಕಡೆಗೆ ನಮ್ಮ ಮೇಜಿನ ಮುಂದೆಯೇ ಬಂದು ನಿಲ್ಲಬೇಕು.

ಅಡಿಗೆಮನೆಯಲ್ಲೋ ಹೊಲದ ಬದುವಿನಲ್ಲೋ ಕೂತು ಕೇಳುತ್ತಿರುವವರು ನಡುವೆ ಎದ್ದು ಹೋಗಬೇಕಾದೀತು. ಅದಕ್ಕೇ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪದಕ ಬಿಟ್ಟುಹೋಗಿದ್ದರೆ ನಿಮ್ಮ ರೆಕಾರ್ಡ್ ಆಫೀಸಿಗೆ ಒಂದು ಅರ್ಜಿ ಬರೆಯಿರಿ. ಅದರಲ್ಲಿ ಮೂರು ಸಂಗತಿ ಇರಲಿ: ನಂಬರು, ಯೂನಿಟ್ಟು, ತಾರೀಕು. ಅಂದರೆ ನಿಮ್ಮ ಆರ್ಮಿ ನಂಬರು, ಆಗ ನೀವಿದ್ದ ಪಡೆಯ ಹೆಸರು, ಅಲ್ಲಿದ್ದ ಸಮಯ. ರಾಷ್ಟ್ರಪತಿಗಳಿಗೆ ಬರೆಯಬೇಡಿ, ಪ್ರಧಾನಿಗಳಿಗೆ ಬರೆಯಬೇಡಿ, ಎಮ್ಮೆಲ್ಲೆ ಸಾಹೇಬರ ಮನೆಗೆ ಹೋಗಿ ಕೂರಬೇಡಿ. ಅವರೆಲ್ಲ ಆ ಕಾಗದವನ್ನು ಕಳಿಸುವುದು ಕೊನೆಗೆ ಅದೇ ರೆಕಾರ್ಡ್ ಆಫೀಸಿಗೆ. ನೀವೇ ನೇರವಾಗಿ ಕಳಿಸಿದರೆ ನಾಲ್ಕು ತಿಂಗಳು ಉಳಿಯುತ್ತದೆ.

ಇಲ್ಲಿ ನಾನು ಹೇಳುತ್ತಿರುವುದು ಶೌರ್ಯ ಪದಕಗಳ ಮಾತಲ್ಲ. ವೀರಚಕ್ರ, ಸೇನಾ ಪದಕ ಇವಕ್ಕೆಲ್ಲ ಆಗಿನ ಕಮಾಂಡರ್ ಶಿಫಾರಸು ಮಾಡಿರಬೇಕು. ನಾವೇ ಅರ್ಜಿ ಹಾಕಿ ಕೇಳುವಂಥದ್ದಲ್ಲ ಅದು. ನನ್ನ ಮಾತು ಸೇವಾ ಪದಕಗಳದ್ದು. ಇವನ್ನು ಯಾರೂ ಮೆಚ್ಚಿ ಕೊಡುವುದಿಲ್ಲ, ಲೆಕ್ಕ ಹಾಕಿ ಕೊಡುತ್ತಾರೆ. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿ ಇದ್ದಿರೋ, ಪೂರ್ವಿ ಸ್ಟಾರ್. ಪಶ್ಚಿಮದಲ್ಲಿ ಇದ್ದಿರೋ, ಪಶ್ಚಿಮಿ ಸ್ಟಾರ್. 1972ರ ಆಗಸ್ಟ್ 15ರಂದು ನೌಕರಿಯಲ್ಲಿ ಇದ್ದಿರೋ, ಸ್ವಾತಂತ್ರ್ಯದ 25ನೇ ವರ್ಷದ ಪದಕ. ಅವತ್ತು ರಜೆಯ ಮೇಲೆ ಊರಲ್ಲಿ ಹೋಳಿಗೆ ತಿನ್ನುತ್ತಿದ್ದರೂ ಸರಿ, ಅದು ನಿಮ್ಮದೇ. 1997ರಲ್ಲಿ ಇದ್ದವರಿಗೆ 50ನೇ ವರ್ಷದ್ದು. ದೀರ್ಘಸೇವೆಗೆ 9 ವರ್ಷ, 20 ವರ್ಷ, 30 ವರ್ಷದ ಪದಕಗಳಿವೆ. ಶ್ರೀಲಂಕಾಗೆ ಹೋದವರಿಗೆ, ಸಿಯಾಚಿನ್ ಏರಿದವರಿಗೆ, ಕಾರ್ಗಿಲ್‌ನಲ್ಲಿ ಇದ್ದವರಿಗೆ ಬೇರೆ ಬೇರೆ ಇವೆ. ಇದ್ದಿರಿ ಅಂತ ದಾಖಲೆ ಹೇಳಿದರೆ ಸಾಕು, ಯಾರ ಕಾಲೂ ಹಿಡಿಯಬೇಕಾಗಿಲ್ಲ.

ದಾಖಲೆ ಹೇಳದಿದ್ದರೆ? ತೊಂದರೆ ಶುರುವಾಗುವುದು ಅಲ್ಲೇ. ಪ್ರತಿಯೊಬ್ಬ ಸಿಪಾಯಿಗೂ ರೆಕಾರ್ಡ್ ಆಫೀಸಿನಲ್ಲಿ ಒಂದು ಶೀಟ್ ರೋಲ್, ಅಂದರೆ ಅವನ ಸೇವೆಯ ದಾಖಲೆಯ ಹಾಳೆ, ಇರುತ್ತದೆ. ಅದರಲ್ಲಿ ಏನೇ ಬರೆಯಬೇಕಾದರೂ ಯೂನಿಟ್ಟಿನಿಂದ ಪಾರ್ಟ್ ಟೂ ಆರ್ಡರ್ ಅನ್ನುವ ಲಿಖಿತ ವರದಿ ಬರಬೇಕು. ರಜೆಗೆ ಹೋದರೆ ಪಾರ್ಟ್ ಟೂ, ಆಸ್ಪತ್ರೆ ಸೇರಿದರೆ ಪಾರ್ಟ್ ಟೂ, ಮದುವೆಯಾದರೆ ಪಾರ್ಟ್ ಟೂ. ಪಾರ್ಟ್ ಟೂನಲ್ಲಿ ಬರದ ಮಗು ಫೌಜಿನ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಪದಕವೂ ಹಾಗೇ.

ಇದು ತಿಳಿಯಬೇಕಾದರೆ ನಿಮಗೆ ನಮ್ಮ ಕಾಕಾ ಅವರ ಕಥೆ ಹೇಳಲೇಬೇಕು.

ಸವದತ್ತಿ ಕಡೆಯ ಒಂದು ಹಳ್ಳಿಯವರು. 1968ರಲ್ಲಿ ಭರ್ತಿಯಾಗಿ, ಡ್ರೈವರ್ ಆಗಿ, 15 ವರ್ಷ ಮುಗಿಸಿ 1983ರಲ್ಲಿ ಪೆನ್ಷನ್ ಮೇಲೆ ಬಂದವರು. ನನ್ನ ಹತ್ತಿರ ಬಂದದ್ದು 2014ರಲ್ಲಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ.

‘ಸಾಹೇಬ್ರ, ಬಾಂಗ್ಲಾ ಲಡಾಯಿಗೆ ಹೋಗಿದ್ದು ಖರೆ, ದೊಡ್ಡ ದೊಡ್ಡ ಹೊಳಿ ದಾಟಿದ್ದು ಖರೆ. ಬುಕ್ಕಿನಾಗ ಮಾತ್ರ ಇಲ್ಲ’ ಅಂದರು.

ನೌಕರಿ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ತೆಗೆದು ನೋಡಿದೆ. ಪದಕಗಳ ಕಾಲಮ್ಮಿನಲ್ಲಿ 25ನೇ ವರ್ಷದ್ದು ಇದೆ, 9 ವರ್ಷದ ದೀರ್ಘಸೇವೆಯದ್ದು ಇದೆ. ಪೂರ್ವಿ ಸ್ಟಾರ್ ಇಲ್ಲ. ಚೀಲದಲ್ಲಿದ್ದ ಅರ್ಜಿಗಳ ನಕಲುಗಳನ್ನು ಒಂದೊಂದಾಗಿ ಓದಿದೆ. ಒಟ್ಟು 11. ದಿಲ್ಲಿಗೇ ಆರು ಹೋಗಿವೆ. ಒಂದೊಂದೂ ನಾಲ್ಕು ಪುಟ. ಭಾರತ ಮಾತೆಯಿಂದ ಶುರುವಾಗಿ, ಕಿತ್ತೂರು ಚೆನ್ನಮ್ಮನನ್ನು ಮುಟ್ಟಿ, ತಮ್ಮ ಮಗನಿಗೆ ನೌಕರಿ ಸಿಗದ ಕಥೆಯಲ್ಲಿ ಮುಗಿಯುತ್ತವೆ. ಬರೆದುಕೊಟ್ಟವರು ಊರಿನ ನಿವೃತ್ತ ಮಾಸ್ತರು. ಅಕ್ಷರ ಮುತ್ತಿನಂತೆ. ಆದರೆ ಹನ್ನೊಂದರಲ್ಲಿ ಒಂದರಲ್ಲೂ ಕಾಕಾ ಅವರ ಆರ್ಮಿ ನಂಬರ್ ಇಲ್ಲ!

‘ಕಾಕಾ, ನಿಮ್ಮ ನಂಬರ್ ಹೇಳ್ರಿ’ ಅಂದೆ.

ಕೂತಿದ್ದವರು ಎದ್ದು ನಿಂತರು. ಎರಡೂ ಕೈ ಇಳಿಬಿಟ್ಟು, ಹಿಮ್ಮಡಿ ಜೋಡಿಸಿ, ಗಟ್ಟಿ ದನಿಯಲ್ಲಿ ನಂಬರು, ರ‍್ಯಾಂಕು, ಹೆಸರು ಒಂದೇ ಉಸಿರಿಗೆ ಒಪ್ಪಿಸಿದರು. ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ನನ್ನ ಮಗಳು ಗಾಬರಿಯಾಗಿ ಓಡಿಬಂದಳು. ನಿದ್ದೆಯಲ್ಲಿ ಎಬ್ಬಿಸಿದರೂ ಮನುಷ್ಯ ನಂಬರ್ ಹೇಳುತ್ತಾನೆ. ಕಾಗದದಲ್ಲಿ ಮಾತ್ರ ಬರೆಯುವುದಿಲ್ಲ. ಇದಕ್ಕೆ ಏನು ಹೇಳುತ್ತೀರಿ?

ರೆಕಾರ್ಡ್ ಆಫೀಸಿನಿಂದ ಒಂದೇ ಒಂದು ಉತ್ತರ ಬಂದಿತ್ತು. ಯಾವ ರೆಕಾರ್ಡ್ ಆಫೀಸು ಅಂತ ಹೇಳುವುದಿಲ್ಲ, ಅಲ್ಲಿರುವವರೂ ನನ್ನ ಜಾತಿಯವರೇ, ಕ್ಲರ್ಕುಗಳು. ಎರಡು ಸಾಲು: ‘ನಿಮ್ಮ ದಾಖಲೆಗಳ ಪ್ರಕಾರ ನೀವು ಈ ಪದಕಕ್ಕೆ ಅರ್ಹರಲ್ಲ.’ ಕಾಕಾ ಇದನ್ನು ‘ನೀನು ಯುದ್ಧಕ್ಕೆ ಹೋಗೇ ಇಲ್ಲ, ಸುಳ್ಳುಗಾರ’ ಅಂತ ಓದಿಕೊಂಡಿದ್ದರು. ಅದು ಹಾಗಲ್ಲ. ತಮ್ಮ ಮುಂದಿನ ಹಾಳೆಯಲ್ಲಿ ಇಲ್ಲ ಅಂತಷ್ಟೇ ಅದರ ಅರ್ಥ. ಆ ಹಾಳೆಯಲ್ಲಿ ಯಾಕಿಲ್ಲ ಅಂತ ಹುಡುಕಬೇಕಾದವರು ನಾವು.

ಕೆದಕಿ ಕೆದಕಿ ಕೇಳಿದ ಮೇಲೆ ಹೊರಬಿತ್ತು. 1971ರ ನವೆಂಬರಿನಲ್ಲಿ ಕಾಕಾ ಅವರ ಸ್ವಂತ ಕಂಪನಿ ಗಡಿಯಿಂದ ಎಷ್ಟೋ ದೂರ ಇತ್ತು. ಸೇತುವೆ ಸಾಮಾನು ಸಾಗಿಸಲು ಡ್ರೈವರ್‌ಗಳು ಬೇಕು ಅಂತ ಮೂವರನ್ನು ಪೂರ್ವದಲ್ಲಿದ್ದ ಒಂದು ಎಂಜಿನಿಯರ್ ಯೂನಿಟ್ಟಿಗೆ ಅಟ್ಯಾಚ್‌ಮೆಂಟ್ ಮೇಲೆ, ಅಂದರೆ ಎರವಲಾಗಿ, ಕಳಿಸಿದ್ದರು. ಯುದ್ಧ ಮುಗಿದ ಮೇಲೆ ವಾಪಸ್. ಪದಕದ ಪಟ್ಟಿ ಮಾಡುವಾಗ ಎಂಜಿನಿಯರ್‌ನವರು, ‘ಇವರು ನಮ್ಮವರಲ್ಲ, ಅವರ ಕಂಪನಿ ನೋಡಿಕೊಳ್ಳುತ್ತದೆ’ ಅಂತ ಬಿಟ್ಟರು. ಕಂಪನಿಯವರು, ‘ನಾವು ಯುದ್ಧಕ್ಕೇ ಹೋಗಿಲ್ಲ, ನಮಗೆಲ್ಲಿಯ ಸ್ಟಾರ್’ ಅಂತ ಸುಮ್ಮನಾದರು. ಅತ್ತೆಮನೆಯವರು ತವರಿನವರು ಉಡಿ ತುಂಬುತ್ತಾರೆ ಅಂದರು, ತವರಿನವರು ಅತ್ತೆಮನೆಯವರು ತುಂಬುತ್ತಾರೆ ಅಂದರು. ಉಡಿ ಖಾಲಿಯೇ ಉಳಿಯಿತು.

‘ಆ ಯೂನಿಟ್ಟಿನ ಹೆಸರೇನು ಕಾಕಾ?’

‘ಎಂಜಿನಿಯರ್‌ರಿ.’

‘ಎಂಜಿನಿಯರ್ ಅಂದರೆ ಫೌಜಿನಲ್ಲಿ ನೂರಿವೆ. ಎಷ್ಟನೇದು?’

‘ಮರತೇನ್ರಿ. 43 ವರ್ಷ ಆತ್ರಿ.’

ಅಲ್ಲಿಗೆ ಕೈಚೆಲ್ಲಬೇಕಾಗಿತ್ತು. ಜೊತೆಗೆ ಬಂದಿದ್ದ ಅವರ ಹೆಂಡತಿ, ನಮ್ಮ ಕಾಕು, ಬಾಗಿಲ ಹತ್ತಿರ ಕೂತು ಎಲೆ ಮಡಚುತ್ತಿದ್ದರು. ತಲೆ ಎತ್ತದೇ ಅಂದರು, ‘ಅವಾಗ ಬರದ ಪತ್ರ ಐತಲ್ಲ.’

ಮರುವಾರ ಅದನ್ನು ತಂದರು. ಕುಂಕುಮದ ಡಬ್ಬಿ ಇಡುವ ಗೂಡಿನಲ್ಲಿ, ಹಳೇ ಖಣದ ತುಂಡಿನಲ್ಲಿ ಸುತ್ತಿ ಇಟ್ಟಿದ್ದರಂತೆ. ನೀಲಿ ಬಣ್ಣದ ಮಡಚುವ ಪತ್ರ. ಮಡಿಕೆಗಳು ಹರಿದು, ಒಂದು ಮೂಲೆಯನ್ನು ಹುಳ ತಿಂದಿತ್ತು. ಒಳಗೆ ಯುದ್ಧದ ಸುದ್ದಿ ಒಂದಕ್ಷರ ಇಲ್ಲ. ‘ಜ್ವಾಳ ಎಷ್ಟೆತ್ತರ ಬಂದಾವ, ಎತ್ತಿನ ಕಾಲು ನೆಟ್ಟಗಾತೇನು, ಇಲ್ಲಿ ನೋಡಿದತ್ತ ನೀರು, ನಾ ಆರಾಮದೀನಿ’, ಇಷ್ಟೇ. ಕಾಕು ಅವರಿಗೆ ಓದಲು ಬರುತ್ತಿರಲಿಲ್ಲ. ‘ಓದಾಕ ಬರತಿದ್ದಿಲ್ಲ, ಅದಕ್ಕ ಇಟ್ಟಕೊಂಡೆ’ ಅಂದರು.

ನಾನು ಒಳಗಿನದನ್ನು ಬಿಟ್ಟು ಹಿಂಬದಿ ತಿರುಗಿಸಿದೆ. ಕಳಿಸಿದವರ ವಿಳಾಸದಲ್ಲಿ ಕಾಕಾ ಅವರ ನಂಬರು, ಹೆಸರು, ಅದರ ಕೆಳಗೆ ಎಂಜಿನಿಯರ್ ಯೂನಿಟ್ಟಿನ ಪೂರ್ತಿ ಹೆಸರು, ಅದರ ಕೆಳಗೆ ‘99 ಎಪಿಓ’! ಫೌಜಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮನೆಯವರಿಗೆ ಹೇಳುತ್ತೇನೆ. ಎಪಿಓ ಅಂದರೆ ಆರ್ಮಿ ಪೋಸ್ಟ್ ಆಫೀಸು. 56 ಎಪಿಓ ಅಂದರೆ ದಿಲ್ಲಿಯಿಂದ ಹಂಚುವ ಟಪಾಲು, 99 ಎಪಿಓ ಅಂದರೆ ಕೋಲ್ಕತ್ತದಿಂದ ಹಂಚುವ ಪೂರ್ವದ ಟಪಾಲು. ಮೇಲೆ ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮೊಹರು, ಡಿಸೆಂಬರ್ 1971. ನಂಬರು, ಯೂನಿಟ್ಟು, ತಾರೀಕು. ಮೂರೂ ಒಂದೇ ಕಾಗದದಲ್ಲಿ!

ಅವತ್ತೇ ಅರ್ಜಿ ಬರೆದೆ. ಎಂಟು ಸಾಲು. ‘ನಾನು ಇಂಥ ನಂಬರಿನ ಡ್ರೈವರ್. 1971ರ ನವೆಂಬರಿನಿಂದ ಇಂಥ ಯೂನಿಟ್ಟಿಗೆ ಅಟ್ಯಾಚ್ ಆಗಿದ್ದೆ. ಆ ಯೂನಿಟ್ಟಿನ ಆ ಅವಧಿಯ ಪಾರ್ಟ್ ಟೂ ಆರ್ಡರ್ ಪರಿಶೀಲಿಸಿ, ನನ್ನ ಶೀಟ್ ರೋಲಿನಲ್ಲಿ ಪೂರ್ವಿ ಸ್ಟಾರ್ ನಮೂದಿಸಬೇಕು. ಪತ್ರದ ನಕಲು, ಡಿಸ್ಚಾರ್ಜ್ ಬುಕ್ಕಿನ ನಕಲು ಲಗತ್ತಿಸಿದೆ.’ ಭಾರತ ಮಾತೆ ಇಲ್ಲ, ಚೆನ್ನಮ್ಮ ಇಲ್ಲ, ಮಗನ ನೌಕರಿ ಇಲ್ಲ. ಮಾಸ್ತರಿಗೆ ಸ್ವಲ್ಪ ಬೇಜಾರಾಯಿತಂತೆ. ಐದು ತಿಂಗಳಿಗೆ ಉತ್ತರ ಬಂತು. ಪಾರ್ಟ್ ಟೂ ಸಿಕ್ಕಿದೆ, ಮೂಲ ಡಿಸ್ಚಾರ್ಜ್ ಬುಕ್ ಕಳಿಸಿ ಅಂದರು. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ವಾಪಸ್ ಬಂದಾಗ ಆ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ‘ಪೂರ್ವಿ ಸ್ಟಾರ್’, ಪಕ್ಕಕ್ಕೆ ಸಹಿ, ಸಹಿಯ ಮೇಲೆ ಸೀಲು. ಪದಕ ಬಂದದ್ದು ಮತ್ತೂ ಒಂದೂವರೆ ವರ್ಷಕ್ಕೆ. ಕಾಕಾ ಪದಕಕ್ಕೆ ಕಾಯಲಿಲ್ಲ. ಬುಕ್ಕು ಬಂದ ದಿನವೇ ಊರಿಗೆಲ್ಲ ಪೇಢಾ ಹಂಚಿದರು.

ಗಾಜಿನಾಚೆಯಿಂದ ಮೂರು ಬೆರಳು ತೋರಿಸುತ್ತಿದ್ದಾರೆ, ಮೂರೇ ನಿಮಿಷ ಅಂತ. ಕಾಕಾ ಅವರೇ ಎಲ್ಲ ಸಮಯ ತಿಂದುಬಿಟ್ಟರು. ಉಳಿದದ್ದನ್ನು ಓಡಿಸುತ್ತೇನೆ, ಕ್ಷಮಿಸಿ.

ರೆಕಾರ್ಡ್ ಆಫೀಸು ಒಂದೇ ಅಲ್ಲ. ನಿಮ್ಮ ರೆಜಿಮೆಂಟಿನದು ಎಲ್ಲಿದೆಯೋ ಅಲ್ಲಿಗೇ ಬರೆಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರಿಗೆ ವೆಲ್ಲಿಂಗ್ಟನ್, ತೋಪಖಾನೆಯವರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್ಪುರ. ವಾಯುಪಡೆಯವರಿಗೆ ದಿಲ್ಲಿ, ನೌಕಾಪಡೆಯ ನಾವಿಕರಿಗೆ ಮುಂಬೈ. ಗೊತ್ತಾಗದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ.

ಹವಾಲ್ದಾರ್ ಇದ್ದು ನಾಯಬ್ ಸುಬೇದಾರ್ ಆದವರು ಆಗ ಸಿಕ್ಕ ಹೊಸ ಜೆಸಿ ನಂಬರಿನ ಜೊತೆ ಹಳೇ ನಂಬರನ್ನೂ ಬರೆಯಬೇಕು. ನಿಮ್ಮ ಹಳೇ ಪಾರ್ಟ್ ಟೂ ಎಲ್ಲ ಹಳೇ ನಂಬರಿನಲ್ಲೇ ಇದೆ. ತಮ್ಮ ರೆಜಿಮೆಂಟಿನಿಂದ ಕೆಲಕಾಲ ರಾಷ್ಟ್ರೀಯ ರೈಫಲ್ಸ್‌ಗೆ ಹೋಗಿ ಬಂದವರು ಆ ಬೆಟಾಲಿಯನ್ ಹೆಸರನ್ನೂ ಬರೆಯಿರಿ. ಅಲ್ಲೂ ಕಾಕಾ ಅವರದ್ದೇ ಹಣೆಬರಹ.

ಪೆನ್ಷನ್ ಇಲ್ಲದೆ ಬಿಟ್ಟುಬಂದವರು ತಡಮಾಡಬೇಡಿ. ಅವರ ಕಾಗದಪತ್ರಗಳನ್ನು 25 ವರ್ಷ ಇಟ್ಟು ಆಮೇಲೆ ನಾಶ ಮಾಡುತ್ತಾರೆ. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಶೀಟ್ ರೋಲಿನ ನಕಲು ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು. ಅದೂ ಆಗದಿದ್ದರೆ ಕರ್ನಾಟಕದವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ ಇದೆ. ಆದರೆ ಎಂಟು ಸಾಲಿನ ಅರ್ಜಿ ಬರೆಯದೇ ಕೊಚ್ಚಿಗೆ ಹೊರಡಬೇಡಿ. ಸಾವಿರ ಕೊಡಿ, ಎರಡು ಸಾವಿರ ಕೊಡಿ ಅನ್ನುವ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಈ ಪದಕದಿಂದ ದುಡ್ಡು ಬರುವುದೂ ಇಲ್ಲ, ಇದಕ್ಕೆ ದುಡ್ಡು ಕೊಡಬೇಕಾದ್ದೂ ಇಲ್ಲ.

ತೀರಿಹೋದವರ ಹೆಂಡತಿ ಮಕ್ಕಳೂ ಬರೆಯಬಹುದು. ‘ಅಪ್ಪನ ನಂಬರ್ ಗೊತ್ತಿಲ್ಲ’ ಅನ್ನುತ್ತಾರೆ. ಮನೆಯಲ್ಲಿ ಕಪ್ಪು ತಗಡಿನ ಟ್ರಂಕು ಇದೆಯೋ? ಈಗ ಅದರಲ್ಲಿ ಕಡಲೆಯೋ ಹೆಸರೋ ತುಂಬಿಟ್ಟಿರುತ್ತೀರಿ. ಮುಚ್ಚಳದ ಧೂಳು ಒರೆಸಿ. ಬಿಳಿ ಬಣ್ಣದಲ್ಲಿ ಅವರೇ ಬರೆದಿಟ್ಟಿರುತ್ತಾರೆ.

ಇನ್ನೊಂದು ಮಾತು, ಇದನ್ನು ಹೇಳಲೆಂದೇ ಕಾಕಾ ನನಗೆ ನಿನ್ನೆ ಫೋನ್ ಮಾಡಿದ್ದರು. ಆ ನವೆಂಬರಿನಲ್ಲಿ ಅಟ್ಯಾಚ್‌ಮೆಂಟ್ ಮೇಲೆ ಹೋದವರು ಮೂವರು ಅಂದೆನಲ್ಲ, ಉಳಿದ ಇಬ್ಬರಿಗೂ ಆ ಸ್ಟಾರ್ ಬಂದಿರಲಾರದು. ಒಬ್ಬರು ಹಾಸನದ ಕಡೆಯವರು, ಇನ್ನೊಬ್ಬರು ಜಮಖಂಡಿಯವರು, ಎಲ್ಲರೂ ‘ಪೈಲ್ವಾನ’ ಅಂತ ಕರೆಯುತ್ತಿದ್ದರಂತೆ. ಕಾಕಾ ಅವರಿಗೆ ಇಬ್ಬರ ನಂಬರೂ ನೆನಪಿಲ್ಲ. ಅವರಾಗಲಿ, ಅವರ ಮನೆಯವರಾಗಲಿ ಈಗ ಕೇಳುತ್ತಿದ್ದರೆ, ಆಕಾಶವಾಣಿಗೆ ಒಂದು ಕಾರ್ಡು ಬರೆಯಿರಿ, ಇಲ್ಲಿಯವರು ನನಗೆ ತಲುಪಿಸುತ್ತಾರೆ. ಯೂನಿಟ್ಟು, ತಾರೀಕು ನನ್ನ ಹತ್ತಿರ ಇದೆ. ನೀವು ನಂಬರ್ ಒಂದು ಕಳಿಸಿದರೆ ಸಾಕು.