ಕರಡಿ ಸತ್ತಿತಾ, ಬದುಕಿತಾ? ಎರಡು ಕಾರ್ಡ್‌ಗಳ ಜಗಳ

ತೀರ್ಥಹಳ್ಳಿಯಿಂದ ಅಣ್ಣ ತಮ್ಮ ಇಬ್ಬರು ಮೆಸೇಜ್ ಕಳಿಸಿದ್ದಾರೆ. ಬೇರೆ ಬೇರೆಯಾಗಿ! ಜಗಳ ಮಾತ್ರ ಒಂದೇ. ಹೊರಗೆ ಜಡಿಮಳೆ, ಕರೆಂಟಿಲ್ಲ, ಮೊಬೈಲ್ ಟಾರ್ಚ್ ಹಚ್ಚಿಕೊಂಡು 'ಮ್ಯಾಜಿಕ್: ದ ಗ್ಯಾದರಿಂಗ್' ಆಡುತ್ತಿದ್ದರಂತೆ. "ನನ್ನ ಕರಡಿ ಬದುಕಿದೆ" ಅಂತ ಅಣ್ಣ. "ಸತ್ತಾಯ್ತು ಮಾರಾಯ, ಎತ್ತಿಡು" ಅಂತ ತಮ್ಮ.

ಗೊತ್ತಿಲ್ಲದವರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. 1993ರಲ್ಲಿ ಬಂದ ಆಟ, ಮಾಡಿದವರು ರಿಚರ್ಡ್ ಗಾರ್ಫೀಲ್ಡ್. ಪ್ರಾಣಿ, ಮಂತ್ರ ಎಲ್ಲವೂ ಕಾರ್ಡೇ. ರೂಲ್ ಬುಕ್ ಒಂದು ಹೇಳಿ ಕಾರ್ಡ್ ಇನ್ನೊಂದು ಹೇಳಿದರೆ, ಕಾರ್ಡ್ ಹೇಳಿದ್ದೇ ನಡೆಯುತ್ತದೆ. ಸರಿ, ಕಾರ್ಡ್‌ಗಳೇ ಕಿತ್ತಾಡಿದರೆ?

[ಸ್ಕ್ರೀನ್ ಮೇಲೆ ಮೂರು ಕಾರ್ಡ್]

ಅಣ್ಣನ ಗ್ರಿಜ್ಲಿ ಬೇರ್ಸ್: ಶಕ್ತಿ 2, ತಾಳಿಕೆ 2. ತಮ್ಮನ ಲೈಟ್ನಿಂಗ್ ಬೋಲ್ಟ್: 3 ಪಾಯಿಂಟ್ ಏಟು. ಅಣ್ಣನ ಜೈಂಟ್ ಗ್ರೋತ್: ಆ ಟರ್ನ್ ಮುಗಿಯುವವರೆಗೆ ಶಕ್ತಿಗೂ ತಾಳಿಕೆಗೂ 3 ಸೇರಿಸುತ್ತದೆ.

ಇಲ್ಲಿ ಮಂತ್ರ ಹಾಕಿದ ತಕ್ಷಣ ಕೆಲಸ ಆಗುವುದಿಲ್ಲ. ಅದು 'ಸ್ಟ್ಯಾಕ್' ಮೇಲೆ ಹೋಗಿ ಕೂರುತ್ತದೆ. ಎದುರಿನವನು ಅದರ ಮೇಲೆ ತನ್ನದೊಂದು ಹಾಕಬಹುದು. ಕೊನೆಗೆ ಬಂದದ್ದು ಮೊದಲು ನಡೆಯುತ್ತದೆ. ಅಕ್ಕಿ ರೊಟ್ಟಿ ಒಂದರ ಮೇಲೊಂದು ಒಟ್ಟಿದ್ದರೆ ತಟ್ಟೆಗೆ ಬೀಳುವುದು ಮೇಲಿನದೇ ಅಲ್ವಾ? ಅಡಿಯದನ್ನು ಎಳೆಯಲು ಹೋದರೆ ಅಮ್ಮನ ಕೈಯಲ್ಲಿ ಸಟ್ಟುಗ ಇರುತ್ತದೆ, ನೆನಪಿರಲಿ.

ಈಗ ಮಜಾ ನೋಡಿ. ತಮ್ಮ ಬೋಲ್ಟ್ ಹಾಕಿದ, ಅಣ್ಣ ಅದರ ಮೇಲೆ ಗ್ರೋತ್ ಹಾಕಿದ. ಗ್ರೋತ್ ಮೊದಲು ನಡೆಯುತ್ತದೆ, ಕರಡಿ 5-5 ಆಗುತ್ತದೆ. ಆಮೇಲೆ 3ರ ಏಟು. ಕರಡಿ ಮೈ ಕೊಡವಿಕೊಂಡು ನಿಂತಿತು.

ಈಗ ಉಲ್ಟಾ ಮಾಡಿ. ಅಣ್ಣ ಮೊದಲೇ ಗ್ರೋತ್ ಹಾಕಿದ. ಅದು ಇನ್ನೂ ಸ್ಟ್ಯಾಕ್ ಮೇಲಿರುವಾಗಲೇ ತಮ್ಮ ಬೋಲ್ಟ್ ಬಿಟ್ಟ. ತಾಳಿಕೆ 2ರ ಕರಡಿಗೆ 3ರ ಏಟು, ಖಲಾಸ್. ಗ್ರೋತ್‌ಗೆ ಬೆಳೆಸಲು ಕರಡಿಯೇ ಇಲ್ಲ. ಕಾರ್ಡ್ ಸುಮ್ನೆ ದಂಡ.

ಅವೇ ಮೂರು ಕಾರ್ಡ್, ಅವೇ ಇಬ್ಬರು. ಎರಡೂ ಸಲ ಗೆದ್ದವನು ಎರಡನೆಯದಾಗಿ ಹಾಕಿದವನು! ಇಡೀ ಆಟದಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಇದೇ. ದುಬಾರಿ ಕಾರ್ಡ್ ಹುಡುಕುವವರಿಗಿಂತ ಕಾರ್ಡ್ ಹಾಕದೆ ಕಾದು ಕೂರುವವರನ್ನು ಕಂಡರೆ ನನಗೆ ಭಯ. ಅಂದಹಾಗೆ, ಮೊದಲು ಹಾಕಿದ್ದು ಯಾರು ಅಂತ ಈ ಅಣ್ಣ ತಮ್ಮ ಇಬ್ಬರೂ ಬರೆದಿಲ್ಲ. ಜಾಣರು! ನಾನು ತೀರ್ಪು ಕೊಡುವುದು ಹೇಗೆ ಮಾರಾಯ್ರೆ?

[ಟೈಮರ್: ಅರ್ಧ ನಿಮಿಷ ಬಾಕಿ]

ಉಳಿದದ್ದು ಬೇಗ ಬೇಗ. ಒಂದು ಕಾರ್ಡ್ 'ಇನ್ನೊಂದು ಲ್ಯಾಂಡ್ (ಮಂತ್ರ ಹಾಕಲು ಶಕ್ತಿ ಕೊಡುವ ನೆಲದ ಕಾರ್ಡ್) ಆಡಬಹುದು' ಅನ್ನುತ್ತದೆ, ಇನ್ನೊಂದು 'ಲ್ಯಾಂಡ್ ಆಡುವಂತಿಲ್ಲ' ಅನ್ನುತ್ತದೆ. ಯಾವುದು ಮೊದಲು ಬಂದಿರಲಿ, 'ಇಲ್ಲ' ಅಂದದ್ದೇ ಗೆಲ್ಲುತ್ತದೆ. ಇಬ್ಬರ ಕಾರ್ಡ್‌ಗಳೂ ಒಟ್ಟಿಗೇ ಟ್ರಿಗರ್ ಆದರೆ, ಅಂದರೆ ಏನೋ ನಡೆದದ್ದಕ್ಕೆ ತಾವಾಗಿಯೇ ಚಾಲೂ ಆದರೆ, ಟರ್ನ್ ಯಾರದೋ ಅವರದ್ದು ಮೊದಲು ಸ್ಟ್ಯಾಕ್‌ಗೆ ಹೋಗುತ್ತದೆ. ಹಾಗಾಗಿ ಎದುರಾಳಿಯದ್ದು ಮೊದಲು ನಡೆಯುತ್ತದೆ. ಮೇಜಿನ ಮೇಲೆ ಉಳಿದು ಸದಾ ಕೆಲಸ ಮಾಡುವ ಕಾರ್ಡ್‌ಗಳಿಗೆ 7 ಲೇಯರ್‌ಗಳ, ಅಂದರೆ ಹಂತಗಳ, ಬೇರೆ ಲೆಕ್ಕ ಇದೆ: ನಕಲು ಮಾಡುವುದು ಮೊದಲು, ಶಕ್ತಿ-ತಾಳಿಕೆ ಬದಲಿಸುವುದು ಕೊನೆಗೆ. ಅದಕ್ಕೆ ಇನ್ನೊಂದು ವಿಡಿಯೋನೇ ಬೇಕು. ಪೆನ್ನು, ಹಾಳೆ ಹಿಡಿದುಕೊಂಡು ಬನ್ನಿ.